ಯುದ್ಧ ಮುಗೀಲಿ, ಆಮೇಲೆ ನೋಡೋಣ ಅಂದವರು

ಹಾಸ್ಟೆಲುಗಳ ಚರ್ಚೆಯಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತಿದೆ. ಅಮೆರಿಕಾನ ನೋಡ್ರಯ್ಯ, ಯುದ್ಧ ಬಂತು ಅಂದ್ರೆ ಇಡೀ ದೇಶ ಒಂದಾಗಿ ನಾಯಕನ ಹಿಂದೆ ನಿಲ್ಲುತ್ತೆ, ಅದಕ್ಕೇ ಅದು ದೊಡ್ಡ ದೇಶ ಆಯ್ತು. ನಾವು ಮಾತ್ರ ಜಾತಿ, ಮೀಸಲಾತಿ ಅಂತ ಕಚ್ಚಾಡಿ ದೇಶ ಒಡೀತೀವಿ ಅಂತ. ಮೇಲ್ಜಾತಿಯ ಮೇಷ್ಟರು ಹೀಗಂದರೆ ನಮಗೇನೂ ಆಶ್ಚರ್ಯವಿಲ್ಲ. ನಮ್ಮ ಹುಡುಗರೇ ತಲೆದೂಗುತ್ತಿದ್ದಾರಲ್ಲ, ಅದಕ್ಕಾಗಿ ಇದನ್ನು ಬರೆಯುತ್ತಿದ್ದೇವೆ.

ಅಮೆರಿಕ ತನ್ನ ದೊಡ್ಡ ಯುದ್ಧಗಳಲ್ಲಿ ಯಾವತ್ತೂ ಪೂರಾ ಒಂದಾಗಿರಲಿಲ್ಲ. ಒಂದಾಗಿತ್ತು ಅನ್ನೋದು ಆಮೇಲೆ ಬರೆದುಕೊಂಡ ಕತೆ. ಒಂದಾದ ಹಾಗೆ ಕಂಡಾಗಲೆಲ್ಲ ಆ ಒಗ್ಗಟ್ಟಿನ ಖರ್ಚನ್ನು ಯಾರೋ ಕೊಟ್ಟಿದ್ದಾರೆ. ಹೆಚ್ಚು ಸಲ ಕೊಟ್ಟವರು ಅಲ್ಲಿನ ಕಪ್ಪು ಜನ. 'ಈಗ ಬೇಡ, ಯುದ್ಧ ಮುಗೀಲಿ, ನಿಮ್ಮ ಹಕ್ಕಿನ ವಿಚಾರ ಆಮೇಲೆ ನೋಡೋಣ' ಅನ್ನೋ ಮಾತನ್ನು ಆ ಜನ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕೇಳುತ್ತಾ ಬಂದಿದ್ದಾರೆ. ನಂಬಿದವರಿಗೆ ಏನು ಸಿಕ್ಕಿತು, ನಂಬದವರಿಗೆ ಏನು ಸಿಕ್ಕಿತು? ಈ ಲೆಕ್ಕ ನಮಗೆ ಬೇಕು.

ಮೊದಲು ಅಂತರ್ಯುದ್ಧ ನೋಡೋಣ. 1861ರಲ್ಲಿ ಶುರುವಾಯಿತು. ದಕ್ಷಿಣದ ರಾಜ್ಯಗಳು ಗುಲಾಮರನ್ನು ಉಳಿಸಿಕೊಳ್ಳೋಕೆ ಅಂತಲೇ ದೇಶ ಬಿಟ್ಟು ಹೋದವು. ಉತ್ತರದ ನಾಯಕ ಅಬ್ರಹಾಂ ಲಿಂಕನ್. ನಮ್ಮ ಪಠ್ಯಪುಸ್ತಕದಲ್ಲಿ ಈತ ಗುಲಾಮರನ್ನು ಬಿಡಿಸಿದ ಮಹಾತ್ಮ. ಆದರೆ ಯುದ್ಧ ಶುರುವಾದಾಗ ಆತ ಗುಲಾಮರನ್ನು ಬಿಡಿಸೋಕೆ ಹೊರಟಿರಲಿಲ್ಲ. ಒಬ್ಬ ಗುಲಾಮನನ್ನೂ ಬಿಡಿಸದೆ ದೇಶ ಉಳಿಯೋದಾದರೆ ಹಾಗೇ ಉಳಿಸ್ತೀನಿ ಅನ್ನೋ ಅರ್ಥದಲ್ಲಿ 1862ರ ಆಗಸ್ಟಿನಲ್ಲಿ ಪತ್ರಿಕೆಯ ಸಂಪಾದಕನೊಬ್ಬನಿಗೆ ಬಹಿರಂಗವಾಗಿಯೇ ಬರೆದ. 1863ರ ಜನವರಿ 1ರಂದು ವಿಮೋಚನೆಯ ಘೋಷಣೆ ಹೊರಡಿಸಿದಾಗಲೂ ಅದು ಬಂಡೆದ್ದ ರಾಜ್ಯಗಳಿಗೆ ಮಾತ್ರ. ಉತ್ತರದ ಪಕ್ಷದಲ್ಲೇ ಉಳಿದಿದ್ದ ಕೆಂಟಕಿ, ಮೇರಿಲ್ಯಾಂಡ್, ಮಿಸೌರಿ, ಡೆಲವೇರ್‌ಗಳ ಗುಲಾಮರಿಗೆ ಅದು ಅನ್ವಯಿಸಲಿಲ್ಲ. ಒಡೆಯರು ಮುನಿಸಿಕೊಂಡಾರು ಅನ್ನೋ ಅಂಜಿಕೆ. ಒಗ್ಗಟ್ಟು ಕೆಡಬಾರದು ನೋಡಿ!

ಹಾಗಾದರೆ ಲಿಂಕನ್ ಮುಂದೆ ಬಂದದ್ದು ಯಾರ ದೂಡುವಿಕೆಯಿಂದ? ತೋಟಗಳಿಂದ ಓಡಿ ಸೈನ್ಯದ ಡೇರೆಗಳಿಗೆ ಬಂದು ಬಿದ್ದ ಸಾವಿರಾರು ಗುಲಾಮರಿಂದ. ತಾವೇ ಗುಲಾಮರಾಗಿದ್ದು ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ ಅವರಂಥವರಿಂದ. ಗುಲಾಮಗಿರಿಯನ್ನು ಮುಟ್ಟದೆ ಈ ಯುದ್ಧ ಗೆಲ್ಲೋಕಾಗಲ್ಲ ಅಂತ ಡಗ್ಲಾಸ್ ಮೊದಲ ದಿನದಿಂದ ಕೂಗಿದರು. ಯುದ್ಧ ಮುಗಿಯಲಿ ಅಂತ ಕಾಯಲಿಲ್ಲ.

ಕೊನೆಗೆ ಸುಮಾರು 1 ಲಕ್ಷ 80 ಸಾವಿರ ಕಪ್ಪು ಜನ ಉತ್ತರದ ಸೈನ್ಯ ಸೇರಿದರು. ಸಂಬಳ ಎಷ್ಟು ಗೊತ್ತೇ? ಬಿಳಿ ಸಿಪಾಯಿಗೆ ತಿಂಗಳಿಗೆ 13 ಡಾಲರು. ಕಪ್ಪು ಸಿಪಾಯಿಗೆ 10, ಅದರಲ್ಲೂ ಬಟ್ಟೆಗೆ ಅಂತ 3 ಹಿಡಿದು ಕೈಗೆ 7. ಗುಂಡು ಮಾತ್ರ ಇಬ್ಬರಿಗೂ ಒಂದೇ! ಮ್ಯಾಸಚೂಸೆಟ್ಸಿನ 54ನೇ ಪಡೆಯವರು ಈ ಕಡಿಮೆ ಸಂಬಳವನ್ನು ಮುಟ್ಟೋದೇ ಇಲ್ಲ ಅಂದರು. ಮನೆಯಲ್ಲಿ ಹೆಂಡತಿ ಮಕ್ಕಳು ಉಪವಾಸ ಇದ್ದರೂ ವರ್ಷದ ಮೇಲೆ ಹಾಗೇ ಹೋರಾಡಿದರು, ಸತ್ತರು. ದಕ್ಷಿಣ ಕೆರೋಲಿನಾದ ಒಂದು ಕಪ್ಪು ಪಡೆಯ ಸಾರ್ಜೆಂಟ್ ವಿಲಿಯಂ ವಾಕರ್ ತನ್ನ ಹುಡುಗರೊಂದಿಗೆ ಬಂದು ಅಧಿಕಾರಿಯ ಡೇರೆ ಮುಂದೆ ಬಂದೂಕು ಇಟ್ಟ. ಸಮಾನ ಸಂಬಳ ಇಲ್ಲದೆ ಚಾಕರಿ ಮಾಡಲ್ಲ ಅಂದ. 1864ರ ಫೆಬ್ರವರಿ 29ರಂದು ಅವನನ್ನು ಅವನದೇ ಸೈನ್ಯ ಗುಂಡಿಟ್ಟು ಕೊಂದಿತು. ಅದೇ ವರ್ಷದ ಜೂನಿನಲ್ಲಿ ಸರ್ಕಾರ ಸಮಾನ ಸಂಬಳದ ಕಾನೂನು ಮಾಡಿತು. ವಾಕರ್ ಒಡಕು ತಂದವನೇ? ಅವತ್ತಿನ ದಾಖಲೆಯಲ್ಲಿ ಅವನು ದಂಗೆಕೋರ. ನಮ್ಮ ಲೆಕ್ಕದಲ್ಲಿ ಅವನು ನಾಯಕ.

ಇಲ್ಲಿ ಒಂದು ಎಚ್ಚರಿಕೆ. ಯುದ್ಧವನ್ನು ವಿರೋಧಿಸಿದವರೆಲ್ಲ ನಮ್ಮವರಲ್ಲ. ಅವತ್ತು ಉತ್ತರದಲ್ಲೇ ಲಿಂಕನ್ನಿನ ಯುದ್ಧವನ್ನು ವಿರೋಧಿಸುವ ದೊಡ್ಡ ಗುಂಪಿತ್ತು. ಅವರನ್ನು ಕಾಪರ್‌ಹೆಡ್ ಅಂತ ವಿಷದ ಹಾವಿನ ಹೆಸರಿಟ್ಟು ಕರೆಯುತ್ತಿದ್ದರು. ಶಾಂತಿ ಬೇಕು ಅನ್ನುತ್ತಿದ್ದರು. ಯಾವ ಶಾಂತಿ? ಗುಲಾಮ ಗುಲಾಮನಾಗೇ ಇರುವ ಶಾಂತಿ. 1863ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಏನಾಯಿತು ನೋಡಿ. ಕಡ್ಡಾಯ ಸೈನ್ಯ ಭರ್ತಿಯ ಕಾನೂನು ಬಂದಿತ್ತು. 300 ಡಾಲರು ಕಟ್ಟಿದ ಸಾಹುಕಾರನ ಮಗ ತಪ್ಪಿಸಿಕೊಳ್ಳಬಹುದಿತ್ತು. ಬಡ ಬಿಳಿಯರಿಗೆ ಸಿಟ್ಟು ಬಂದದ್ದು ನ್ಯಾಯವೇ. ಆದರೆ ಆ ಸಿಟ್ಟು ಕೊನೆಗೆ ತಿರುಗಿದ್ದು ಯಾರ ಮೇಲೆ? ಬೀದಿಯಲ್ಲಿ ಕಂಡ ಕಪ್ಪು ಮನುಷ್ಯರನ್ನು ದೀಪದ ಕಂಬಕ್ಕೆ ನೇತುಹಾಕಿದರು. ಇನ್ನೂರಕ್ಕೂ ಹೆಚ್ಚು ಕಪ್ಪು ಅನಾಥ ಮಕ್ಕಳಿದ್ದ ಆಶ್ರಮಕ್ಕೆ ಬೆಂಕಿ ಇಟ್ಟರು. ಮಕ್ಕಳು ಹಿಂದಿನ ಬಾಗಿಲಿಂದ ಜೀವ ಉಳಿಸಿಕೊಂಡವು. ದುಡ್ಡು ಕಟ್ಟಿದವನ ಬಂಗಲೆಗೆ ಹೋಗಬೇಕಿದ್ದ ಸಿಟ್ಟು ಕೈಲಾಗದವರ ಕೇರಿಗೆ ನುಗ್ಗಿತು. ಇದು ನಮಗೆ ಪರಿಚಯ ಇಲ್ಲದ ದಾರಿಯೇನಲ್ಲ.

ಆದ್ದರಿಂದ ಒಡಕು ಒಳ್ಳೆಯದೋ ಕೆಟ್ಟದ್ದೋ ಅನ್ನೋ ಪ್ರಶ್ನೆಯೇ ತಪ್ಪು. ಒಡಕು ಯಾರಿಗಾಗಿ, ಒಗ್ಗಟ್ಟು ಯಾರ ಬೆನ್ನ ಮೇಲೆ ಅಂತ ಕೇಳಬೇಕು.

ಒಗ್ಗಟ್ಟಿಗೆ ಒಂದು ಉದಾಹರಣೆ ಕೊಡ್ತೀವಿ. 1865ರಲ್ಲಿ ಯುದ್ಧ ಮುಗಿದು ಗುಲಾಮಗಿರಿ ಹೋಯಿತು. ಹನ್ನೆರಡೇ ವರ್ಷ. 1877ರಲ್ಲಿ ದಕ್ಷಿಣದ ಬಿಳಿಯರ ಜೊತೆ ಒಪ್ಪಂದವಾಗಿ, ಕಪ್ಪು ಜನರ ಮತವನ್ನು ಕಾಯುತ್ತಿದ್ದ ಸೈನ್ಯ ಹಿಂದೆ ಸರಿಯಿತು. 1913ರ ಜುಲೈನಲ್ಲಿ ಗೆಟಿಸ್‌ಬರ್ಗ್ ಕದನಕ್ಕೆ ಐವತ್ತು ವರ್ಷ ತುಂಬಿತೆಂದು ಎರಡೂ ಕಡೆಯ ಐವತ್ತು ಸಾವಿರಕ್ಕೂ ಹೆಚ್ಚು ಮುದಿ ಸಿಪಾಯಿಗಳು ಸೇರಿ ಕೈ ಕುಲುಕಿದರು. ಅಧ್ಯಕ್ಷ ವುಡ್ರೋ ವಿಲ್ಸನ್ ಬಂದು, ಹಗೆ ಮರೆತು ಅಣ್ಣತಮ್ಮಂದಿರಾದಿರಿ ಅಂತ ಹೊಗಳಿದ. ಯಾವುದಕ್ಕಾಗಿ ಆ ಹಗೆ ಹುಟ್ಟಿತ್ತು ಅನ್ನೋದನ್ನು ಎತ್ತಲಿಲ್ಲ. ಅದೇ ವರ್ಷ ಅವನ ಸರ್ಕಾರ ದಿಲ್ಲಿಯಂಥ ತನ್ನ ರಾಜಧಾನಿಯ ಕಚೇರಿಗಳಲ್ಲೇ ಕಪ್ಪು ನೌಕರರನ್ನು ಬೇರೆ ಕೂರಿಸೋಕೆ ಶುರುಮಾಡಿತು. ಬಿಳಿ ಅಣ್ಣತಮ್ಮಂದಿರು ಒಂದಾದರು, ಖರ್ಚು ಕಪ್ಪು ಜನರ ಲೆಕ್ಕಕ್ಕೆ ಬಿತ್ತು. ನೆನಪಿಡಿ, ಅದೇ 1913ರ ಜುಲೈನಲ್ಲಿ ಇಪ್ಪತ್ತೆರಡು ವರ್ಷದ ವಿದ್ಯಾರ್ಥಿಯೊಬ್ಬರು ಹಡಗಿನಿಂದ ನ್ಯೂಯಾರ್ಕಿನಲ್ಲಿ ಇಳಿದರು. ಅವರೇ ಬಾಬಾಸಾಹೇಬರು.

ಇದೇ ವಿಲ್ಸನ್ 1916ರ ಚುನಾವಣೆಯನ್ನು ಯುದ್ಧದಿಂದ ದೇಶವನ್ನು ದೂರ ಇಟ್ಟವನು ಅಂತ ಹೇಳಿಸಿಕೊಂಡು ಗೆದ್ದ. 1917ರ ಏಪ್ರಿಲ್‌ನಲ್ಲಿ ಜಗತ್ತಿನಲ್ಲಿ ಪ್ರಜಾಪ್ರಭುತ್ವ ಉಳಿಸ್ತೀನಿ ಅಂತ ಯುದ್ಧಕ್ಕೆ ಇಳಿದ. ಜಗತ್ತಿನ ಮಾತು ಹಾಗಿರಲಿ, ಆ ಜುಲೈನಲ್ಲಿ ಅಮೆರಿಕದ್ದೇ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಕಪ್ಪು ಜನರ ಕೇರಿಗಳು ಉರಿದವು. ವಿರೋಧದ ಬಾಯಿಗೆ ಬೀಗ ಹಾಕೋಕೆ ಹೊಸ ಕಾನೂನುಗಳು ಬಂದವು. ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್ 1918ರ ಜೂನಿನಲ್ಲಿ ಓಹಿಯೋದ ಕ್ಯಾಂಟನ್ನಿನಲ್ಲಿ ಒಂದು ಭಾಷಣ ಮಾಡಿದ್ದಕ್ಕೆ ಹತ್ತು ವರ್ಷ ಜೈಲು. ಅವರು 1920ರಲ್ಲಿ ಜೈಲಿನೊಳಗಿಂದಲೇ ಅಧ್ಯಕ್ಷ ಚುನಾವಣೆಗೆ ನಿಂತು 9 ಲಕ್ಷಕ್ಕೂ ಹೆಚ್ಚು ಮತ ಪಡೆದರು. ಇದೇ ಏನು ಇಡೀ ದೇಶ ನಾಯಕನ ಹಿಂದೆ ನಿಂತದ್ದು?

ಈಗ ನೋವಿನ ಮಾತಿಗೆ ಬರೋಣ. ಯಾಕೆಂದರೆ ಇದರಲ್ಲಿ ತಪ್ಪಿದ್ದು ನಮ್ಮವರೇ. ಡಬ್ಲ್ಯು. ಇ. ಬಿ. ಡುಬಾಯ್ಸ್ ಕಪ್ಪು ಜನರ ಅತಿ ದೊಡ್ಡ ವಿದ್ವಾಂಸರು, ಹೋರಾಟಗಾರರು. 1946ರಲ್ಲಿ ಬಾಬಾಸಾಹೇಬರು ಕಾಗದ ಬರೆದು, ವಿಶ್ವಸಂಸ್ಥೆಗೆ ಕಪ್ಪು ಜನ ಕೊಟ್ಟ ಮನವಿಯ ಪ್ರತಿ ಕಳಿಸಿ ಅಂತ ಕೇಳಿದ್ದು ಇವರನ್ನೇ. ಇಂಥ ಡುಬಾಯ್ಸ್ 1918ರ ಜುಲೈನಲ್ಲಿ ತಮ್ಮ 'ದಿ ಕ್ರೈಸಿಸ್' ಪತ್ರಿಕೆಯಲ್ಲಿ, ಯುದ್ಧ ಮುಗಿಯುವವರೆಗೆ ನಮ್ಮ ಕುಂದುಕೊರತೆ ಮರೆತು ಬಿಳಿಯರ ಹೆಗಲಿಗೆ ಹೆಗಲು ಕೊಡೋಣ ಅಂತ ಬರೆದರು. ಅದೇ ಹೊತ್ತಿಗೆ ಸೈನ್ಯದಲ್ಲಿ ಅವರಿಗೆ ಕ್ಯಾಪ್ಟನ್ ಹುದ್ದೆಯ ಮಾತು ನಡೆದಿತ್ತು. ಕಪ್ಪು ಯುವಕರು ಸಿಡಿದೆದ್ದರು. ಆ ಹುದ್ದೆಯೂ ಸಿಗಲಿಲ್ಲ. ಆ ಯುದ್ಧದಲ್ಲಿ ಸುಮಾರು 3 ಲಕ್ಷ 80 ಸಾವಿರ ಕಪ್ಪು ಜನ ದುಡಿದರು. ಹೆಚ್ಚಿನವರ ಕೈಗೆ ಬಂದೂಕು ಕೊಡಲಿಲ್ಲ, ಗುದ್ದಲಿ ಕೊಟ್ಟರು. ಹಾರ್ಲೆಮಿನ 369ನೇ ಪಡೆ ಫ್ರೆಂಚರ ಕೈಕೆಳಗೆ ಹೋರಾಡಿ ಫ್ರಾನ್ಸಿನ ಪದಕ ಗೆದ್ದಿತು. ತಮ್ಮ ದೇಶದ ಬಿಳಿಯರಿಗೆ ಅವರ ಪಕ್ಕ ನಿಂತು ಹೋರಾಡೋಕೆ ಮನಸ್ಸಿರಲಿಲ್ಲ.

ಯುದ್ಧ ಮುಗಿಯಿತು. ಆಮೇಲೆ ನೋಡೋಣ ಅಂದಿದ್ದರಲ್ಲ, ನೋಡಿದರು. 1919ರ ಬೇಸಿಗೆಗೆ ಅಮೆರಿಕದ ಚರಿತ್ರೆಯಲ್ಲಿ 'ಕೆಂಪು ಬೇಸಿಗೆ' ಅಂತಲೇ ಹೆಸರು. ಷಿಕಾಗೋ, ವಾಷಿಂಗ್ಟನ್, ಅರ್ಕನ್ಸಾದ ಎಲೈನ್. ಊರೂರಲ್ಲಿ ಕಪ್ಪು ಜನರ ರಕ್ತ. ಷಿಕಾಗೋ ಒಂದರಲ್ಲೇ 38 ಸಾವು, ಅದರಲ್ಲಿ 23 ಕಪ್ಪು ಜನ. ಯುದ್ಧದಿಂದ ಮರಳಿದ ಕಪ್ಪು ಸಿಪಾಯಿಗಳನ್ನೂ ಬಿಡದೆ ಕೊಂದರು. ಡುಬಾಯ್ಸ್ ಮುಂದೆ ತಾವೇ ತಮ್ಮ ಆ ನಿಲುವನ್ನು ಪ್ರಶ್ನಿಸಿಕೊಂಡರು. ದೊಡ್ಡವರು ಅಂತ ನಾವು ಕಣ್ಣು ಮುಚ್ಚಿಕೊಂಡು ಹಿಂದೆ ಹೋಗಬಾರದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

ನಮ್ಮ ಕಡೆಯೂ ಅಷ್ಟೇ. ಅದೇ ಮಹಾಯುದ್ಧದಲ್ಲಿ ಆಳು ಸಾಲದಾದಾಗ ಬ್ರಿಟಿಷರು 1917ರಲ್ಲಿ 111ನೇ ಮಹಾರ್ ಪಡೆ ಕಟ್ಟಿದರು. ಯುದ್ಧ ಮುಗಿದ ಮೇಲೆ 1921ರಲ್ಲಿ ಬರ್ಖಾಸ್ತು ಮಾಡಿ ಮನೆಗೆ ಕಳಿಸಿದರು. ಬೇಕಾದಾಗ ಬಾ, ಸಾಕಾದಾಗ ಹೋಗು.

ಡುಬಾಯ್ಸ್ ಮಾತನ್ನು ಒಪ್ಪದ ಯುವಕರಲ್ಲಿ ಒಬ್ಬರು ಎ. ಫಿಲಿಪ್ ರ್‍ಯಾಂಡಾಲ್ಫ್. 1918ರಲ್ಲಿ ಯುದ್ಧವಿರೋಧಿ ಪತ್ರಿಕೆ ಮಾರಿದ್ದಕ್ಕೆ ಪೊಲೀಸರು ಹಿಡಿದಿದ್ದರು. ಮುಂದೆ ರೈಲಿನ ಮಲಗುವ ಬೋಗಿಗಳಲ್ಲಿ ಹಾಸಿಗೆ ಹಾಸಿ, ಬೂಟು ಒರೆಸುತ್ತಿದ್ದ ಕಪ್ಪು ಕೂಲಿಗಳ ಸಂಘ ಕಟ್ಟಿದರು. 1925ರಿಂದ ಹನ್ನೆರಡು ವರ್ಷ ಗುದ್ದಾಡಿ 1937ರಲ್ಲಿ ಕಂಪನಿಯಿಂದ ಕರಾರು ಬರೆಸಿಕೊಂಡರು. ಈ ಮನುಷ್ಯ 1941ರಲ್ಲಿ ಏನು ಮಾಡಿದರು ನೋಡಿ.

ಯೂರೋಪಿನಲ್ಲಿ ಯುದ್ಧ ಹತ್ತಿಕೊಂಡಿತ್ತು. ಅಮೆರಿಕದ ಕಾರ್ಖಾನೆಗಳಲ್ಲಿ ವಿಮಾನ, ಹಡಗು, ಮದ್ದುಗುಂಡಿನ ಕೆಲಸ ಭರದಿಂದ ನಡೆದಿತ್ತು. ಕಪ್ಪು ಜನಕ್ಕೆ ಮಾತ್ರ ಗೇಟಿನಾಚೆ ಜಾಗ. ಜುಲೈ 1ಕ್ಕೆ ರಾಜಧಾನಿಗೆ ಮೆರವಣಿಗೆ ಬರ್ತೀವಿ ಅಂತ ರ್‍ಯಾಂಡಾಲ್ಫ್ ಘೋಷಿಸಿದರು. ಮೊದಲು ಹತ್ತು ಸಾವಿರ ಜನ ಅಂದರು, ಆಮೇಲೆ ಒಂದು ಲಕ್ಷ ಅಂದರು. ಅಧ್ಯಕ್ಷ ರೂಸ್‌ವೆಲ್ಟ್ ಬಡವರ ಬಂಧು ಅಂತ ಹೆಸರಾದವನು, ಆದರೆ ಅವನ ಪಕ್ಷ ನಿಂತಿದ್ದು ದಕ್ಷಿಣದ ಬಿಳಿ ಜಮೀನ್ದಾರರ ಮತದ ಮೇಲೆ. ಮೆರವಣಿಗೆ ನಿಲ್ಲಿಸಿ ಅಂತ ಕರೆಸಿ ಕೇಳಿಕೊಂಡ. ಆದೇಶ ಕೈಗೆ ಬರದೆ ನಿಲ್ಲಿಸಲ್ಲ ಅಂದರು. ಜೂನ್ 25ರಂದು 8802ನೇ ಆದೇಶಕ್ಕೆ ರುಜು ಬಿತ್ತು. ಯುದ್ಧ ಸಾಮಗ್ರಿ ಕಾರ್ಖಾನೆಗಳಲ್ಲಿ ಬಣ್ಣ ನೋಡಿ ಕೆಲಸ ತಪ್ಪಿಸುವಂತಿಲ್ಲ ಅಂತಾಯಿತು. ಭಿಕ್ಷೆಯಾಗಿ ಬರಲಿಲ್ಲ ಅದು, ಒಂದು ಲಕ್ಷ ಕಾಲುಗಳ ಸಪ್ಪಳಕ್ಕೆ ಹೆದರಿ ಬಂತು.

ಪೂರ್ತಿ ಗೆಲುವೇ? ಅಲ್ಲ. ಸೈನ್ಯದೊಳಗಿನ ಅಸ್ಪೃಶ್ಯತೆ ಹಾಗೇ ಉಳಿಯಿತು. ಮೆರವಣಿಗೆ ಕೈಬಿಟ್ಟರು ಅಂತ ಎಳೆಯರು ರ್‍ಯಾಂಡಾಲ್ಫರನ್ನೇ ಬೈದರು. ರೆಡ್ ಕ್ರಾಸಿನವರು ಕಪ್ಪು ಜನರ ರಕ್ತವನ್ನು ಬೇರೆ ಸೀಸೆಯಲ್ಲಿ ಇಡುತ್ತಿದ್ದರು. ರಕ್ತದಲ್ಲೂ ಮಡಿ! 1942ರ ಫೆಬ್ರವರಿಯಲ್ಲಿ ಇದೇ ರೂಸ್‌ವೆಲ್ಟ್ ಒಂದು ರುಜುವಿನಿಂದ ಸುಮಾರು 1 ಲಕ್ಷ 20 ಸಾವಿರ ಜಪಾನಿ ಮೂಲದ ಜನರನ್ನು ಮುಳ್ಳುತಂತಿಯ ಶಿಬಿರಗಳಿಗೆ ಅಟ್ಟಿಸಿದ. ಅವರಲ್ಲಿ ಹೆಚ್ಚಿನವರು ಅಲ್ಲೇ ಹುಟ್ಟಿದ ಪ್ರಜೆಗಳು. ಆದರೂ ಕಪ್ಪು ಜನ ಈ ಸಲ ಬಾಯಿ ಮುಚ್ಚಲಿಲ್ಲ. 1942ರಲ್ಲಿ 'ಪಿಟ್ಸ್‌ಬರ್ಗ್ ಕೊರಿಯರ್' ಅನ್ನೋ ಕಪ್ಪು ಜನರ ಪತ್ರಿಕೆ ಎರಡು ಗೆಲುವಿನ ಚಳವಳಿ ಹೂಡಿತು. ಹೊರಗೆ ಹಿಟ್ಲರನ ಮೇಲೆ ಒಂದು ಗೆಲುವು, ಒಳಗೆ ವರ್ಣಭೇದದ ಮೇಲೆ ಇನ್ನೊಂದು. ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದ ಒಬ್ಬ ಯುವಕ ಬರೆದ ಕಾಗದದಿಂದ ಹುಟ್ಟಿದ ಚಳವಳಿ ಅದು. 1948ರಲ್ಲಿ ರ್‍ಯಾಂಡಾಲ್ಫ್ ಮತ್ತೆ ಎದ್ದು, ಬೇರ್ಪಡಿಸಿದ ಸೈನ್ಯಕ್ಕೆ ನಮ್ಮ ಹುಡುಗರು ಸೇರಲ್ಲ ಅಂದರು. ಜುಲೈ 26ರಂದು ಅಧ್ಯಕ್ಷ ಟ್ರೂಮನ್ ಸೈನ್ಯದಲ್ಲಿ ಸಮಾನತೆಯ ಆದೇಶ ಹೊರಡಿಸಿದ.

1941ರಲ್ಲಿ ಇಲ್ಲೂ ಬಾಬಾಸಾಹೇಬರು ಸುಮ್ಮನೆ ಕೂತಿರಲಿಲ್ಲ. ಯುದ್ಧಕ್ಕೆ ಆಳು ಬೇಕೇ, ನಮ್ಮ ಪಡೆ ಮತ್ತೆ ಕಟ್ಟಿ ಅಂತ ಪಟ್ಟು ಹಿಡಿದರು. ಆ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟ್ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲೇ. ಸಾಗರದ ಆಚೆ ಈಚೆ ಇಬ್ಬರು ನಾಯಕರು ಒಂದೇ ವರ್ಷ ಒಂದೇ ಸತ್ಯ ಕಂಡಿದ್ದರು. ಒಡೆಯನಿಗೆ ನಮ್ಮ ಅಗತ್ಯ ಬಿದ್ದ ಗಳಿಗೆಯಲ್ಲೇ ಕೇಳಬೇಕು. ಅಗತ್ಯ ತೀರಿದ ಮೇಲೆ ಕೇಳಿದರೆ ಕಿವಿ ಕೇಳಿಸಲ್ಲ.

ಇನ್ನು ವಿಯೆಟ್ನಾಂ. ಅಧ್ಯಕ್ಷ ಲಿಂಡನ್ ಜಾನ್ಸನ್ 1964ರಲ್ಲಿ ನಾಗರಿಕ ಹಕ್ಕಿನ ಕಾನೂನಿಗೂ, 1965ರಲ್ಲಿ ಮತದಾನದ ಕಾನೂನಿಗೂ ರುಜು ಹಾಕಿದವನು. ಮಾರ್ಟಿನ್ ಲೂಥರ್ ಕಿಂಗ್ ಅವರ ಜೊತೆ ಕೂತು ಮಾತಾಡಿದವನು. ಅವನೇ ವಿಯೆಟ್ನಾಮಿಗೆ ಲಕ್ಷಗಟ್ಟಲೆ ಹುಡುಗರನ್ನು ಕಳಿಸಿದ. ಕಾಲೇಜಿಗೆ ಹೋಗೋ ಅನುಕೂಲಸ್ಥರ ಮಕ್ಕಳಿಗೆ ವಿನಾಯಿತಿ ಇತ್ತು, ಬಡವರ ಮಕ್ಕಳಿಗೆ ಇರಲಿಲ್ಲ. ಈಗ ಕಿಂಗ್ ಏನು ಮಾಡಬೇಕು? ಸವಲತ್ತು ಕೊಟ್ಟವನ ವಿರುದ್ಧ ಹೇಗೆ ಮಾತಾಡೋದು ಅಂತ ಸುಮ್ಮನಿರಬೇಕೆ? 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ನಿಂತು ಯುದ್ಧವನ್ನು ಖಂಡಿಸಿದರು. ಬಡವರ ಯೋಜನೆಗಳ ದುಡ್ಡನ್ನು ಈ ಯುದ್ಧ ನುಂಗುತ್ತಿದೆ ಅಂದರು. ದೊಡ್ಡ ಪತ್ರಿಕೆಗಳು ಮೇಲೆ ಬಿದ್ದವು. ಕಪ್ಪು ಜನರದೇ ಹಳೆಯ ದೊಡ್ಡ ಸಂಸ್ಥೆ ಕೂಡ ಯುದ್ಧದ ಮಾತಿಗೂ ಹಕ್ಕಿನ ಹೋರಾಟಕ್ಕೂ ಗಂಟು ಹಾಕೋದು ಬೇಡ ಅಂತ ನಿರ್ಣಯ ಮಾಡಿತು. ಅದೇ ತಿಂಗಳು ಬಾಕ್ಸರ್ ಮಹಮ್ಮದ್ ಅಲಿ ಸೈನ್ಯ ಸೇರಲ್ಲ ಅಂದರು. ಕಿರೀಟ ಕಿತ್ತುಕೊಂಡರು, ಐದು ವರ್ಷ ಶಿಕ್ಷೆ ಹಾಕಿದರು. 1971ರಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆ ರದ್ದು ಮಾಡಿತು. ಕಿಂಗ್ ಅವರನ್ನು 1968ರ ಏಪ್ರಿಲ್ 4ರಂದು, ಆ ಭಾಷಣಕ್ಕೆ ಸರಿಯಾಗಿ ವರ್ಷ ತುಂಬಿದ ದಿನ, ಗುಂಡಿಟ್ಟು ಕೊಂದರು. ಇವತ್ತು ಅವರ ಹುಟ್ಟುಹಬ್ಬಕ್ಕೆ ಇಡೀ ಅಮೆರಿಕಕ್ಕೆ ರಜೆ. ಬದುಕಿದ್ದಾಗ ಒಡಕು ತಂದವರು, ಸತ್ತ ಮೇಲೆ ಒಗ್ಗಟ್ಟಿನ ಪ್ರತಿಮೆ. ಬಾಬಾಸಾಹೇಬರ ಫೋಟೋಗೆ ಹಾರ ಹಾಕುವವರನ್ನು ನೋಡಿದ ನಮಗೆ ಇದು ಅರ್ಥವಾಗುತ್ತದೆ.

ನಮ್ಮ ಕಾಲಕ್ಕೆ ಬನ್ನಿ. 2001ರ ಸೆಪ್ಟೆಂಬರ್ 11ರ ದಾಳಿಯಾಗಿ ಮೂರು ದಿನಕ್ಕೆ ಅಮೆರಿಕದ ಸಂಸತ್ತು ಅಧ್ಯಕ್ಷ ಬುಷ್‌ಗೆ ಯುದ್ಧದ ಅಧಿಕಾರ ಕೊಟ್ಟಿತು. ಮೇಲ್ಮನೆಯಲ್ಲಿ ವಿರೋಧವೇ ಇಲ್ಲ. ಕೆಳಮನೆಯಲ್ಲಿ 420 ಪರ, ಒಂದೇ ಒಂದು ವಿರೋಧ. ಆ ಒಂದು ಮತ ಕ್ಯಾಲಿಫೋರ್ನಿಯಾದ ಕಪ್ಪು ಹೆಣ್ಣುಮಗಳು ಬಾರ್ಬರಾ ಲೀ ಅವರದು. ಕೊಲೆ ಬೆದರಿಕೆ ಬಂದವು, ದೇಶದ್ರೋಹಿ ಅಂದರು. ಆ ಅಫ್ಘಾನಿಸ್ತಾನದ ಯುದ್ಧ ಇಪ್ಪತ್ತು ವರ್ಷ ಎಳೆದು 2021ರ ಆಗಸ್ಟಿನಲ್ಲಿ ಮುಗಿಯಿತು. ತಾಲಿಬಾನನ್ನು ಇಳಿಸೋಕೆ ಹೋದವರು ತಾಲಿಬಾನಿಗೇ ದೇಶ ಒಪ್ಪಿಸಿ ಬಂದರು. 420 ಜನರ ಒಗ್ಗಟ್ಟು ಸರಿಯೋ, ಒಬ್ಬಾಕೆಯ ಒಡಕು ಸರಿಯೋ?

ಆದರೆ ಕಪ್ಪು ಮುಖ ಕಂಡ ಕೂಡಲೇ ನಮ್ಮವರು ಅಂದುಕೊಳ್ಳಬೇಡಿ. 2003ರ ಫೆಬ್ರವರಿ 5ರಂದು ಇರಾಕಿನಲ್ಲಿ ಭಾರೀ ವಿನಾಶದ ಅಸ್ತ್ರ ಇವೆ ಅಂತ ವಿಶ್ವಸಂಸ್ಥೆಯಲ್ಲಿ ಸಾಕ್ಷಿ ಹೇಳಿದ್ದು ಮೊದಲ ಕಪ್ಪು ವಿದೇಶಾಂಗ ಮಂತ್ರಿ ಕಾಲಿನ್ ಪವೆಲ್. ಅಸ್ತ್ರಗಳು ಸಿಗಲೇ ಇಲ್ಲ. 2002ರಲ್ಲಿ ಆ ಯುದ್ಧ ಬೇಡ ಅಂದಿದ್ದ ಬರಾಕ್ ಒಬಾಮ ಅಧ್ಯಕ್ಷನಾದ ಮೇಲೆ 2011ರಲ್ಲಿ ಸಂಸತ್ತಿನ ಮಂಜೂರಾತಿ ಇಲ್ಲದೆ ಲಿಬಿಯಾ ಮೇಲೆ ಬಾಂಬು ಹಾಕಿಸಿದ. ಕುರ್ಚಿ ಮೇಲೆ ನಮ್ಮವನು ಕೂತರೆ ಸಾಲದು, ಕುರ್ಚಿ ಅವನ ಮೇಲೆ ಕೂತಿದೆಯೇನೋ ಅಂತಲೂ ನೋಡಬೇಕು.

2025ರಲ್ಲಿ ಡೊನಾಲ್ಡ್ ಟ್ರಂಪ್ ಎರಡನೇ ಸಲ ಅಧಿಕಾರಕ್ಕೆ ಬಂದ. ಫೆಬ್ರವರಿಯಲ್ಲೇ ಸೇನೆಯ ಅತ್ಯುನ್ನತ ಹುದ್ದೆಯಲ್ಲಿದ್ದ ಕಪ್ಪು ಜನರಲ್ ಸಿ. ಕ್ಯು. ಬ್ರೌನ್ ಅವರನ್ನು ಅವಧಿ ಮುಗಿಯುವ ಮುಂಚೆ ತೆಗೆದ. ಮಾರ್ಚಿನಲ್ಲಿ ರಕ್ಷಣಾ ಇಲಾಖೆ ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್‌ಸನ್ ಅವರ ಸೈನ್ಯ ಸೇವೆಯ ಪುಟವನ್ನೇ ತನ್ನ ಜಾಲತಾಣದಿಂದ ಅಳಿಸಿಹಾಕಿ, ಜನ ಉಗಿದ ಮೇಲೆ ವಾಪಸು ಹಾಕಿತು. ಈ ರಾಬಿನ್‌ಸನ್ ಯಾರು? ಎರಡನೇ ಮಹಾಯುದ್ಧದ ನಡುವೆ, 1944ರಲ್ಲಿ, ಬಸ್ಸಿನ ಹಿಂದಿನ ಸೀಟಿಗೆ ಹೋಗಲ್ಲ ಅಂದದ್ದಕ್ಕೆ ಸೈನಿಕ ವಿಚಾರಣೆ ಎದುರಿಸಿ ಗೆದ್ದ ಅಧಿಕಾರಿ. ದೇಶಕ್ಕಾಗಿ ಸಮವಸ್ತ್ರ ತೊಟ್ಟರೂ ಸೀಟಿಲ್ಲ, ಎಂಬತ್ತು ವರ್ಷ ಆದಮೇಲೆ ಪುಟವೂ ಇಲ್ಲ! ಜೂನ್ 22ರಂದು ಸಂಸತ್ತನ್ನು ಕೇಳದೆ ಇರಾನಿನ ಮೂರು ಅಣು ನೆಲೆಗಳ ಮೇಲೆ ಬಾಂಬು ಹಾಕಿಸಿದ. ಹಾಗೆ ಆಗಕೂಡದು ಅಂತ ಕೆಲವು ದಿನ ಮುಂಚೆಯೇ ನಿರ್ಣಯ ತಂದವರಲ್ಲಿ ಅವನ ಪಕ್ಷದ ಥಾಮಸ್ ಮ್ಯಾಸಿಯೂ ಇದ್ದರು. ಇಷ್ಟೆಲ್ಲ ನಡೆದ ದೇಶವನ್ನು ತೋರಿಸಿ ಒಗ್ಗಟ್ಟಿನ ಪಾಠ ಹೇಳುತ್ತಾರೆ ನಮಗೆ.

ಗೆಳೆಯರೆ, 1972ರಲ್ಲಿ ಮುಂಬಯಿಯ ನಮ್ಮ ಯುವಕರು ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರರನ್ನು ನೋಡಿ. ಹೆಸರು ತಂದುಕೊಂಡಷ್ಟೇ ಸಾಲದು, ಅವರ ಅನುಭವವನ್ನೂ ತಂದುಕೊಳ್ಳಬೇಕು. ನಾಳೆ ಯಾರಾದರೂ ನಿಮ್ಮ ಹಾಸ್ಟೆಲಿಗೆ ಬಂದು, ದೇಶ ಆಪತ್ತಿನಲ್ಲಿದೆ, ಈಗ ಸ್ಕಾಲರ್‌ಷಿಪ್ಪು, ಜಮೀನು, ಮೀಸಲಾತಿ ಅಂತ ಕೇಳಬೇಡಿ ಅಂದರೆ ಮೂರು ಪ್ರಶ್ನೆ ಕೇಳಿ. ಸಾಯೋದರಲ್ಲಿ ನಮ್ಮ ಪಾಲೆಷ್ಟು, ಬದುಕೋದರಲ್ಲಿ ಎಷ್ಟು? ಬಾಯಿ ಮುಚ್ಚಿ ಅನ್ನೋ ಆಜ್ಞೆ ಸಾಹುಕಾರನಿಗೂ ಇದೆಯೋ, ನಮಗೊಬ್ಬರಿಗೋ? ಆಮೇಲೆ ಕೊಡ್ತೀವಿ ಅಂದದ್ದನ್ನು ಈಗಲೇ ಕಾಗದದ ಮೇಲೆ ಬರೆದುಕೊಡ್ತೀರಾ?

ಬರೆದುಕೊಡಲ್ಲ ಅಂದರೆ ತಿಳಿಯಿರಿ, ಅದು 1918ರ ಮಾತು. ನಮಗೆ ಬೇಕಾದ್ದು 1941ರ ರ್‍ಯಾಂಡಾಲ್ಫ್. ಈ ದೇಶ ನಮ್ಮದು, ಇದರ ಗಡಿಯಲ್ಲಿ ನಮ್ಮ ಅಣ್ಣತಮ್ಮಂದಿರೇ ನಿಂತಿದ್ದಾರೆ. ಅದಕ್ಕೇ ಕೇಳುತ್ತೇವೆ, ಈಗಲೇ ಕೇಳುತ್ತೇವೆ.

ಜೈ ಭೀಮ್.